ಇಲ್ಲದ ಐದನೆಯವನು

ಪಿಂಜಾರನ ಹೆಂಡತಿ ನಮ್ಮ ವಕೀಲರ ಕಟ್ಟೆಗೆ ಬಂದಾಗ ನಾನು ಕೇಸಿನ ಕಾಗದಗಳಿಗೆ ದಾರ ಪೋಣಿಸುತ್ತ ಕೂತಿದ್ದೆ. ದೀಪಾವಳಿ ಮುಗಿದು ಹತ್ತು ಹನ್ನೆರಡು ದಿನ ಆಗಿತ್ತು. ಆಕೆ ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು ಹೇಳಿದಳು:

"ಕಾರಕೂನರ, ನಮ್ಮವರನ್ನ ಫೌಜದಾರ್ರು ಹಿಡಕೊಂಡು ಹೋಗ್ಯಾರ್ರಿ. ದರೋಡಿ ಮಾಡ್ಯಾರಂತ."

"ನಿಮ್ಮವರು ಅಂದ್ರ ಯಾರು?"

"ಗಾದಿ ಹಿಂಜೋರ್ರಿ."

ನಾನು ನಕ್ಕುಬಿಟ್ಟೆ. ಅದಕ್ಕೆ ಇವತ್ತಿಗೂ ನಾಚಿಕೆಯಿದೆ. ಆದರೆ ಆ ಮನುಷ್ಯನನ್ನು ಕಂಡವರು ಯಾರಾದರೂ ನಗುತ್ತಿದ್ದರು. ತನಗಿಂತ ಎತ್ತರದ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು, ಹುಬ್ಬಿನ ಮೇಲೆಲ್ಲ ಹತ್ತಿಯ ನವಿರು ಅಂಟಿಸಿಕೊಂಡು, ಊರಿಂದ ಊರಿಗೆ ಕೆಮ್ಮುತ್ತ ನಡೆಯುವ ನರಪೇತಲ ಮನುಷ್ಯ. ದಸರೆಯಿಂದ ಸಂಕ್ರಮಣದವರೆಗೆ ಅವನ ಕೆಲಸ. ಮಲಗಿ ಮಲಗಿ ಗಂಟುಗಟ್ಟಿದ ಗಾದಿಯನ್ನು ಬಿಚ್ಚಿ, ಹತ್ತಿ ಹೊರಗೆ ತೆಗೆದು, ಬಿಲ್ಲಿನ ನರಕ್ಕೆ ಮರದ ಕೊಡತಿಯಿಂದ ಬಡಿದು ಹಿಂಜುತ್ತಾನೆ. ಸಂಜೆಗೆ ಹೊಸ ಗಾದಿ. ಉಳಿದ ಎಂಟು ತಿಂಗಳು ಕಂಡವರ ಹೊಲದಲ್ಲಿ ಕೂಲಿ. ವರ್ಷದ ಅನ್ನ ಅವನಿಗೆ ಈ ನಾಲ್ಕು ತಿಂಗಳಲ್ಲೇ ಹುಟ್ಟಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕೋರ್ಟುಗಳ ಪಡಸಾಲೆ ನನಗೆ ಗೊತ್ತು. ಇದು ಯಾವ ಕೋರ್ಟಿನಲ್ಲಿ ನಡೆಯಿತು ಎಂದು ಬರೆಯುವುದಿಲ್ಲ. ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷ ಆಗಿದ್ದವು ಎಂದರೆ ಸಾಕು. ನಾನು ವಕೀಲರ ಕಾರಕೂನ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಮೊದಲೇ ಸಾಲಿ ಬಿಟ್ಟವನು. ಹಾಗಿದ್ದರೂ ಜಾಮೀನಿನ ಕಲಮುಗಳನ್ನು ಪುಸ್ತಕ ತೆರೆಯದೆ ಹೇಳುತ್ತಿದ್ದೆ. ಹೊಸದಾಗಿ ಕರಿಕೋಟು ಹಾಕಿಕೊಂಡು ಬಂದವರು ಕೇಳಲು ನನ್ನ ಹತ್ತಿರವೇ ಬರುತ್ತಿದ್ದರು.

ನಡೆದದ್ದು ಇಷ್ಟು. ಒಬ್ಬ ಅರಿವೆ ಅಂಗಡಿಯ ಸಾವಕಾರ ಸಂತೆ ಮುಗಿಸಿ ಚಕ್ಕಡಿಯಲ್ಲಿ ಬರುತ್ತಿದ್ದಾಗ, ಹೊತ್ತು ಮುಳುಗುವ ವೇಳೆಗೆ ಹಳ್ಳದ ದಾಟಿನಲ್ಲಿ ಮುಖಕ್ಕೆ ವಸ್ತ್ರ ಸುತ್ತಿಕೊಂಡವರು ಅಡ್ಡಗಟ್ಟಿದರು. ಗಾಡಿ ಹೊಡೆಯುವವನಿಗೆ ಬಡಿಗೆ ತೋರಿಸಿ ಹೆದರಿಸಿದರು, ಸಾವಕಾರನ ಗಂಟು ಮತ್ತು ಕೈಯ ಉಂಗುರ ಕಸಿದರು. ಅದೇ ಸಂಜೆ ಹಳ್ಳದ ಹತ್ತಿರ ಜಾಲಿ ಗಿಡದ ಕೆಳಗೆ ಮಲಗಿದ್ದ ಕಲ್ಲು ಒಡೆಯುವ ಕೂಲಿಯೊಬ್ಬನನ್ನು, ಸುದ್ದಿ ತಿಳಿದು ಬಂದ ಪೊಲೀಸರು ದೂರು ಬರೆದುಕೊಳ್ಳುವ ಮೊದಲೇ ಹಿಡಿದರು. ಮರುದಿನ ಅದೇ ದಾರಿಯಲ್ಲಿ ಬಿಲ್ಲು ಹೊತ್ತು ಬರುತ್ತಿದ್ದ ಪಿಂಜಾರನನ್ನು ಹಿಡಿದರು. ಉಳಿದವರು ಫರಾರಿ. ಇಬ್ಬರ ಹತ್ತಿರವೂ ಗಂಟಿಲ್ಲ, ಉಂಗುರವಿಲ್ಲ. ಪಂಚನಾಮೆಯಲ್ಲಿ ಪಿಂಜಾರನ ಕೊಡತಿಯನ್ನು "ಗದೆಯ ಆಕಾರದ ಮರದ ಆಯುಧ ಒಂದು" ಎಂದು ಬರೆದಿದ್ದರು. ಅದನ್ನು ಓದಿದಾಗ ನನ್ನ ಮೈ ಉರಿಯಿತು. ಬರೆದವನ ಮನೆಯಲ್ಲಿ ಗಾದಿ ಇರಲಿಲ್ಲವೇ? ಅವನ ತಾಯಿ ಒಮ್ಮೆಯೂ ಹತ್ತಿ ಹಿಂಜಿಸಿರಲಿಲ್ಲವೇ?

ಎರಡನೆಯ ರಿಮಾಂಡಿನ ದಿನ ನಮ್ಮ ವಕೀಲರು ಎದ್ದುನಿಂತು ಜಾಮೀನು ಕೇಳಿದರು. ಮ್ಯಾಜಿಸ್ಟ್ರೇಟರು ಮೈಸೂರು ಕಡೆಯವರು, ಬಂದು ಆರು ತಿಂಗಳಾಗಿತ್ತು. ರಿಮಾಂಡ್ ಕಾಗದದ ಮೇಲೆ ಬೆರಳಿಟ್ಟು ಹೇಳಿದರು:

"ಮುನ್ನೂರ ತೊಂಬತ್ತೈದು ಹಾಕಿದ್ದಾರೆ. ಐದು ಜನ. ನಾನೇನು ಮಾಡಲಿ? ಸೆಷನ್ಸ್‌ಗೆ ಹೋಗಿ."

ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕು. ನಾಲ್ವರು ಸೇರಿ ಹೆದರಿಸಿ ಕಸಿದರೆ ಅದು ಸುಲಿಗೆ, ಕಲಮು ಮುನ್ನೂರ ತೊಂಬತ್ತೆರಡು. ಅದರಲ್ಲಿ ಜಾಮೀನು ಕೊಡುವುದು ಬಿಡುವುದು ತಾಲೂಕು ಮ್ಯಾಜಿಸ್ಟ್ರೇಟರ ಇಷ್ಟ. ಆರೋಪಿ ಓಡಿಹೋಗುತ್ತಾನೋ, ಸಾಕ್ಷಿಗಳನ್ನು ಹೆದರಿಸುತ್ತಾನೋ, ಮತ್ತೆ ಅದೇ ಕೆಲಸ ಮಾಡುತ್ತಾನೋ ಎಂದು ಅವರು ತೂಗಿ ನೋಡುತ್ತಾರೆ. ಅದೇ ಕೆಲಸ ಐವರು ಮಾಡಿದರೆ ದರೋಡೆ, ಜೀವಾವಧಿ ಶಿಕ್ಷೆ ಬೀಳಬಹುದಾದ ಅಪರಾಧ. ಆರೋಪಿಯೇ ಮಾಡಿದ್ದಾನೆಂದು ನಂಬಲು ಕಾರಣ ಕಂಡರೆ ಮ್ಯಾಜಿಸ್ಟ್ರೇಟರು ಬಿಡುವಂತಿಲ್ಲ. ಕಾಗದದಲ್ಲಿ ಜೀವಾವಧಿ ಕಲಮು ಕಂಡ ಕೂಡಲೇ ಕಾರಣ ಹುಡುಕುವ ಗೋಜಿಗೂ ಹೋಗದೆ ಬಿಜಾಪುರದ ಸೆಷನ್ಸ್ ಕೋರ್ಟಿಗೆ ಅಟ್ಟುವುದು ರೂಢಿ. ಒಬ್ಬ ಮನುಷ್ಯನ ಲೆಕ್ಕದಲ್ಲಿ ಇಷ್ಟು ವ್ಯತ್ಯಾಸ. ಇದು ಪೊಲೀಸರಿಗೂ ನನ್ನಷ್ಟೇ ಚೆನ್ನಾಗಿ ಗೊತ್ತು.

ಹೊರಗೆ ಬಂದ ಮೇಲೆ ವಕೀಲರು ಪಡಸಾಲೆಯ ಕಂಬಕ್ಕೆ ಒರಗಿ ಎಲೆ ಹಾಕಿಕೊಂಡರು.

"ಬಿಜಾಪುರಕ್ಕ ಹೋದ್ರ ಅಲ್ಲಿ ಬ್ಯಾರೆ ವಕೀಲ ಹಿಡೀಬೇಕು, ತಾರೀಖು ತಗೋಬೇಕು. ಸಂಕ್ರಮಣ ಬಂದ ಹೋಗತೈತಿ" ಎಂದರು. ಆಮೇಲೆ ಏನೋ ಹೊಳೆದವರಂತೆ, "ಇವಗ ಕೆಮ್ಮ ಐತಿ, ಹೌದಲ್ಲೊ?"

"ಐತ್ರಿ. ಹತ್ತಿ ಧೂಳಿನ ಕೆಮ್ಮು."

"ಕ್ಷಯ ಅಂತ ಬರಿ. ಬ್ಯಾನಿ ಇದ್ದಾಂವಗ ಜಾಮೀನು ಕೊಡಾಕ ಕಾಯ್ದೇದಾಗ ಅವಕಾಶ ಐತಿ. ಐದ ಮಂದಿ ಇರಲಿ, ಐವತ್ತ ಮಂದಿ ಇರಲಿ. ದವಾಖಾನಿ ಡಾಕ್ಟರು ನನಗ ಬೇಕಾದವರು."

ಅವರು ಹೇಳಿದ್ದು ಸರಿ. ಬೇನೆಯವರಿಗೆ, ಹೆಂಗಸರಿಗೆ, ಎಳೆಯರಿಗೆ ಆ ವಿನಾಯಿತಿ ಇತ್ತು. ಇದು ನನಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ನನಗೆ ಸಣ್ಣ ಅವಮಾನವೇ ಆಯಿತು. ಕೂತು ಅರ್ಜಿ ಬರೆದೆ. "ಅರ್ಜಿದಾರನು ಬಹುಕಾಲದಿಂದ ಕ್ಷಯರೋಗದಿಂದ ನರಳುತ್ತಿದ್ದು" ಎಂದು ಶುರುಮಾಡಿ ಒಂದೂವರೆ ಪುಟ, ಒಂದು ಚಿತ್ತಿಲ್ಲ. ಅಂಥ ಅರ್ಜಿ ಆ ಕೋರ್ಟಿನಲ್ಲಿ ಇನ್ನೊಬ್ಬರು ಬರೆಯುತ್ತಿರಲಿಲ್ಲ.

ಸಬ್‌ಜೇಲು ಮಾಮಲೇದಾರ ಕಚೇರಿಯ ಹಿಂದೆ. ಮಧ್ಯಾಹ್ನ ಅರ್ಜಿ, ಮಸಿಯ ಡಬ್ಬಿ ತೆಗೆದುಕೊಂಡು ಹೋದೆ. ಪಿಂಜಾರ ಸರಳಿನ ಹತ್ತಿರ ಬಂದ. ಅದೇ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ಕಲ್ಲು ಒಡೆಯುವವನೂ ಕೂತಿದ್ದ. ಎಡಗಣ್ಣಿನ ಕೆಳಗೆ ಬಾವು ಇತ್ತು. ಅದು ಎಲ್ಲಿ ಆಯಿತು ಎಂದು ನಾನು ಕೇಳಲಿಲ್ಲ.

"ಹೆಬ್ಬೆಟ್ಟು ಒತ್ತು ಚಾಚಾ, ಸೋಮವಾರ ಮನಿಗೆ ಹೋಗ್ತಿ" ಎಂದೆ.

"ಏನ ಬರದೀರಿ? ಓದ್ರಿ."

ಓದಿದೆ. ಹೆಬ್ಬೆರಳು ಮಸಿಯಲ್ಲಿ ಅದ್ದಿದ್ದ. ಕ್ಷಯ ಎಂಬ ಮಾತು ಬಂದೊಡನೆ ಅದನ್ನು ಹಿಂದೆಳೆದುಕೊಂಡು ಅಂಗಿಗೆ ಒರೆಸಿಕೊಂಡ.

"ಅದನ್ನ ಹರದ ಹಾಕ್ರಿ ಸಾಹೇಬ್ರ."

"ಹುಚ್ಚ ಹಿಡದೈತೇನ ನಿನಗ?"

"ನೀವು ಅದನ್ನ ಕೋರ್ಟಿನ್ಯಾಗ ಓದತೀರಿ. ಪಟ್ಟೇವಾಲಾ ಕೇಳತಾನ, ಪಡಸಾಲ್ಯಾಗ ಕುಂತ ಮಂದಿ ಕೇಳತಾರ. ನಾಳಿ ಸಂತ್ಯಾಗ ಅತ್ತ ಹೊರ್ತಿ ಊರ ತನಕ ಮುಟ್ಟತೈತಿ. ನಾ ಮಂದಿ ಹಾಸಗಿ ಬಿಚ್ಚಾಂವ್ರಿ. ಕೂಸು ಮಲಗೋ ಗಾದಿ ಹತ್ತಿ ಮ್ಯಾಲ ಮಾರಿ ಇಟ್ಟು ಹಿಂಜಾಂವ. ಕ್ಷಯ ಇದ್ದಾಂವನ್ನ ಯಾವ ತಾಯಿ ಹೊಸ್ತಿಲ ಒಳಗ ಬಿಟ್ಟಾಳು?"

"ಕಳ್ಳ ಅಂದ್ರ ಬಿಡತಾರೇನು?"

"ಕಳ್ಳ ಅಲ್ಲ ಅಂತ ಒಂದಿಲ್ಲೊಂದ ದಿನ ತೋರಸ್ತೇನಿ. ಕ್ಷಯ ಅಲ್ಲ ಅಂತ ಹೆಂಗ ತೋರಸ್ಲಿ? ಎದಿ ಸೀಳಿ ತೋರಸ್ಲ್ಯಾ?"

ನನಗೆ ಸಿಟ್ಟು ಬಂತು. ಬರೆದವನ ಸಿಟ್ಟು ಅದು. ನನ್ನ ಒಂದೂವರೆ ಪುಟವನ್ನು ಓದು ಬರಹ ಇಲ್ಲದವನೊಬ್ಬ ಬೇಡ ಎನ್ನುತ್ತಿದ್ದ. "ಹಂಗಾರ ಇಲ್ಲೇ ಕುಂದ್ರು. ಐದ ಮಂದಿ ಕೇಸು. ನಿನ್ನ ಅಪ್ಪ ಬಂದ್ರೂ ಬಿಡಂಗಿಲ್ಲ" ಎಂದು ಕೂಗಾಡಿ ಡಬ್ಬಿ ಮುಚ್ಚಿದೆ.

ಆಗ ಗೋಡೆಯ ಕಡೆಯಿಂದ ಕಲ್ಲು ಒಡೆಯುವವನು ಮಾತಾಡಿದ.

"ಐದ ಮಂದಿ ಎಲ್ಲಿಂದ ಬಂದ್ರು?"

"ಕಾಗದದಾಗ ಐತಿ."

"ಕಾಗದದಾಗ ಏನರ ಇರ್ಲಿ. ಸಾವಕಾರ ಠಾಣ್ಯಾಗ ಅಳಕೋತ ದೂರು ಬರಸೂವಾಗ ನಾ ಮೂಲ್ಯಾಗ ಕೈಕಟ್ಟಿಸ್ಕೊಂಡು ಕುಂತಿದ್ನಿ. ನಾಕ ಮಂದಿ, ನಾಕ ಮಂದಿ ಅಂತ ಹೊಯ್ಕೊಂಡಾ. ಬರಕೊಳ್ಳಾಂವ, ನಾಕ ಮಂದೀನ ಹೌದಲ್ರೀ ಸಾವಕಾರ್ರ, ಅಂತ ಮತ್ತೊಮ್ಮಿ ಕೇಳಿ ಬರಕೊಂಡಾ."

"ಖರೇ ಹೇಳತೀಯೇನು?"

"ನಿಮಗ ಸುಳ್ಳ ಹೇಳಿದ್ರ ನನಗೇನ ಬರತೈತ್ರಿ? ನೀವು ನನ್ನ ವಕೀಲ್ರಲ್ಲ."

ಅಲ್ಲಿಂದ ನೇರ ಕೋರ್ಟಿಗೆ ಬಂದೆ. ಯಾವುದೇ ದೂರು ಠಾಣೆಯಲ್ಲಿ ದಾಖಲಾದರೆ ಅದರ ಪ್ರತಿ ಮ್ಯಾಜಿಸ್ಟ್ರೇಟರಿಗೆ ತಕ್ಷಣ ಬರಬೇಕು. ಬರುತ್ತದೆ. ಬಂದದ್ದನ್ನು ಯಾರೂ ಓದುವುದಿಲ್ಲ. ಫೌಜದಾರಿ ಕಡತ ನೋಡುವ ಕೋರ್ಟಿನ ಕಾರಕೂನ ನನಗೆ ಹಳೆಯ ಪರಿಚಯ, ಸದಾ ಗೊಣಗುವ ಮನುಷ್ಯ.

"ನಕಲು ಬೇಕಂದ್ರ ಅರ್ಜಿ ಹಾಕು" ಎಂದ.

"ನಕಲು ಬ್ಯಾಡ. ಒಂದ ಸಾಲ ನೋಡಬೇಕು."

"ತೋರಸ್ತೇನಿ. ಮುಟ್ಟಬ್ಯಾಡ. ಕೈ ಹಿಂದ ಕಟಗೊ."

ಸಾಲಿಯಲ್ಲಿ ಮಾಸ್ತರರ ಮುಂದೆ ನಿಂತ ಹಾಗೆ ಕೈ ಹಿಂದೆ ಕಟ್ಟಿ ನಿಂತೆ. ಅವನು ಕಾಗದ ತಿರುವಿ ಹಿಡಿದ. "ಮುಖಕ್ಕೆ ವಸ್ತ್ರ ಸುತ್ತಿದ ಅಪರಿಚಿತ ನಾಲ್ಕು ಇಸಮರು" ಎಂದಿತ್ತು. ಇಸಮರು ಎಂದರೆ ಮನುಷ್ಯರು, ಠಾಣೆಯ ಕನ್ನಡದಲ್ಲಿ. ನಾಲ್ಕು, ಅಕ್ಷರದಲ್ಲಿ ಬರೆದದ್ದು. ಕೆಳಗೆ ಸಾವಕಾರನ ಸಹಿ. ಅದರ ಹಿಂದೆ ಮೂರು ದಿನ ತಡವಾಗಿ ತೆಗೆದುಕೊಂಡ ಪುರವಣಿ ಜವಾಬು, ಅಂದರೆ ಸಾವಕಾರನ ಹೆಚ್ಚುವರಿ ಹೇಳಿಕೆ. ಅದರಲ್ಲಿ, ದೂರದಲ್ಲಿ ಗಿಡದ ಮರೆಗೆ ಇನ್ನೊಬ್ಬ ಕಾವಲು ನಿಂತಂತೆ ಈಗ ನೆನಪಾಗುತ್ತದೆ ಎಂದಿತ್ತು. ಮುಖವಿಲ್ಲ, ಎತ್ತರವಿಲ್ಲ, ಬಟ್ಟೆಯ ಬಣ್ಣವಿಲ್ಲ. ಕೇಸನ್ನು ಮ್ಯಾಜಿಸ್ಟ್ರೇಟರ ಕೈಯಿಂದ ದೂರ ಸರಿಸುವುದಕ್ಕಾಗಿಯೇ ಹುಟ್ಟಿದ ಮನುಷ್ಯ.

ವಕೀಲರ ಕಟ್ಟೆಗೆ ಹೋಗಿ ಹೇಳಿದೆ. ಅವರಿಗೆ ಸಂತೋಷವಾಗಲಿಲ್ಲ.

"ಫೌಜದಾರ ಸುಳ್ಳ ಬರದಾನ ಅಂತ ನಾ ಎದ್ದು ಹೇಳ್ಲ್ಯಾ? ನಾಳಿ ಮತ್ತ ಅವನ ಮುಂದ ಹೋಗೂದಿಲ್ಲೇನ ನಾವು? ಕ್ಷಯದ ಅರ್ಜಿ ಎಲ್ಲೈತಿ?"

"ಅವ ಒಲ್ಲೆ ಅಂದ್ರಿ."

"ಒಲ್ಲೆ ಅನ್ನಾಕ ಅವ ಯಾರು? ನಾ ಸಹಿ ಮಾಡತೇನಿ, ಕೊಡು."

ಅರ್ಜಿ ನನ್ನ ಚೀಲದಲ್ಲಿತ್ತು. ವಕಾಲತ್ತು ಇದ್ದ ಮೇಲೆ ಅವರ ಸಹಿಯೇ ಸಾಕು, ಹೆಬ್ಬೆಟ್ಟು ಬೇಕೆಂದಿರಲಿಲ್ಲ. ಕೊಟ್ಟರೆ ಕೆಲಸ ಮುಗಿಯುತ್ತಿತ್ತು, ಸೋಮವಾರ ಅವನು ಹೊರಗೆ. ಆಮೇಲೆ ಅವನ ಬಿಲ್ಲಿಗೆ ಯಾರ ಮನೆಯ ಹತ್ತಿಯೂ ಸಿಗುವುದಿಲ್ಲ. ಚೀಲದಿಂದ ತೆಗೆದು ಅವರ ಮುಂದೆಯೇ ಎರಡು ತುಂಡು ಮಾಡಿದೆ. ಕಾರಕೂನಿಕೆಯ ಹದಿನಾಲ್ಕು ವರ್ಷದಲ್ಲಿ ನಾನು ನನ್ನ ಬರವಣಿಗೆ ಹರಿದದ್ದು ಅದೊಂದೇ ಸಲ.

ವಕೀಲರು ತುಂಡುಗಳನ್ನು ಕಾಲಿನಿಂದ ಆಚೆ ತಳ್ಳಿದರು. "ನಿನಗ ಸೊಕ್ಕ ಭಾಳ ಆಗೈತಿ. ಸೋಮವಾರ ನಿನ್ನ ಈ ನಾಕ ಮಂದಿ ಮಾತು ಬಿದ್ದ ಹೋತಂದ್ರ ಮಂಗಳವಾರದಿಂದ ಬರಬ್ಯಾಡ."

"ಆಗಲ್ರಿ" ಎಂದೆ.

ಹೊಸ ಅರ್ಜಿಯಲ್ಲಿ ಫೌಜದಾರರು ಸುಳ್ಳು ಬರೆದಿದ್ದಾರೆ ಎಂದು ಎಲ್ಲೂ ಹೇಳಲಿಲ್ಲ. ಮೊದಲ ದೂರನ್ನೂ ರಿಮಾಂಡ್ ಕಾಗದವನ್ನೂ ಕೋರ್ಟು ಪಕ್ಕಪಕ್ಕ ಇಟ್ಟು ನೋಡಬೇಕೆಂದು ಪ್ರಾರ್ಥನೆ, ಅಷ್ಟೇ. ಸೋಮವಾರ ಮ್ಯಾಜಿಸ್ಟ್ರೇಟರು ನೋಡಿದರು. ಎರಡು ಸಲ ನೋಡಿದರು. ಆಮೇಲೆ ಕನ್ನಡಕ ತೆಗೆದು ಫೌಜದಾರರನ್ನು ಕೇಳಿದರು:

"ಮೊದಲ ದಿನ ನಾಲ್ಕು ಜನ. ಮೂರು ದಿನ ಆದ ಮೇಲೆ ಐದು. ಐದನೆಯವನು ಆಮೇಲೆ ಬಂದು ಸೇರಿಕೊಂಡನೇನ್ರೀ?"

"ಫಿರ್ಯಾದಿ ಅಂಜಿದ್ದಾ ಸಾಹೇಬ್ರ. ಅಂಜಿಕ್ಯಾಗ ಒಬ್ಬಾಂವನ್ನ ಮರತಾನ."

"ಅಂಜಿದವರು ನಾಲ್ಕನ್ನು ಎಂಟು ಅಂತಾರೆ. ಕಡಿಮೆ ಹೇಳೋದನ್ನ ನಾನು ಕೇಳಿಲ್ಲ."

ಪಡಸಾಲೆಯಲ್ಲಿ ಯಾರೋ ನಕ್ಕರು, ಬಾಗಿಲಲ್ಲಿದ್ದ ಜವಾನ ಪಟ್ಟೇವಾಲಾ ಗದರಿಸಿದ. ಜಾಮೀನಿನ ಮಟ್ಟಿಗೆ ಇದನ್ನು ಸುಲಿಗೆ ಎಂದೇ ತಿಳಿದುಕೊಳ್ಳುತ್ತೇನೆ ಎಂದು ಮ್ಯಾಜಿಸ್ಟ್ರೇಟರು ಬರೆಸಿದರು. ನನ್ನ ಎದೆಯುಬ್ಬಿತು. ಅದು ಒಂದು ನಿಮಿಷ ಮಾತ್ರ. ಸರಕಾರದ ಕಡೆಯವರು ಎದ್ದು ಇನ್ನೊಂದು ಗುದ್ದು ಕೊಟ್ಟರು.

"ಈತ ಊರೂರು ತಿರುಗುವಂಥವ. ಖಾಯಂ ವಸ್ತಿ ಇಲ್ಲ. ಬಿಟ್ಟರೆ ಎಲ್ಲಿ ಹುಡುಕೂದು?"

ಸುಲಿಗೆಯ ಆರೋಪದವನಿಗೆ ಜಾಮೀನು ಸಿಗುವುದು ಬಿಡುವುದು ಬಹಳ ಸಲ ಇದೊಂದೇ ಪ್ರಶ್ನೆಯ ಮೇಲೆ. ಮಾಡಿದನೋ ಇಲ್ಲವೋ ಎಂದು ಆ ಹೊತ್ತಿಗೆ ಯಾರೂ ಕೇಳುವುದಿಲ್ಲ. ಕರೆದರೆ ಬರುತ್ತಾನೋ ಎಂದು ಕೇಳುತ್ತಾರೆ. ಹೊಲ ಇದ್ದವನು ಬರುತ್ತಾನೆ, ಹೊಲ ಇಲ್ಲದವನು ಓಡಿಹೋಗುತ್ತಾನೆ. ಇದು ಅವರ ನಂಬಿಕೆ. ನಾಲ್ಕು ದಿನದಲ್ಲಿ ವಾಸದ ಪುರಾವೆ ಮತ್ತು ಆಸ್ತಿಯುಳ್ಳ ಒಬ್ಬ ಜಾಮೀನುದಾರನನ್ನು ತನ್ನಿ ಎಂದು ತಾರೀಖು ಕೊಟ್ಟರು. ವಕೀಲರು ಕೋಟು ಬಿಚ್ಚುತ್ತ, "ತಾ ಇನ್ನ" ಎಂದು ನನಗೆ ಹೇಳಿ ಮನೆಗೆ ಹೋದರು.

ಸೈಕಲ್ ಹತ್ತಿದೆ. ಪಿಂಜಾರನ ಹೆಂಡತಿ ಅವನು ಹೋಗುವ ಊರುಗಳನ್ನು ಸಾಲಾಗಿ ಹೇಳಿದ್ದಳು. ಹೊರ್ತಿಯಿಂದ ಶುರುವಾಗಿ ಗೊಳಸಂಗಿಯವರೆಗೆ, ಯಾವ ಊರಲ್ಲಿ ಎಷ್ಟು ದಿನ, ಯಾರ ಮನೆ ಮೊದಲು, ಎಲ್ಲ ಆಕೆಗೆ ಬಾಯಿಪಾಠ. ಆ ಊರುಗಳಲ್ಲಿ ವಿಚಾರಿಸುತ್ತ ಹೋದ ಹಾಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಇವನು ತಿರುಗುವುದು ನಿಜ, ಆದರೆ ಗಡಿಯಾರದ ಮುಳ್ಳು ತಿರುಗಿದ ಹಾಗೆ. ದೀಪಾವಳಿಯಾದ ಎರಡನೆಯ ವಾರ ಇಂಥ ಊರು, ಛಟ್ಟಿ ಅಮಾವಾಸ್ಯೆಗೆ ಇಂಥ ಊರು. ಅವನ ತಂದೆಯ ಕಾಲದಿಂದ ಅದೇ ಮನೆಗಳು. ಊರಲ್ಲಿ ಹೊಲ ಇಟ್ಟುಕೊಂಡು ಪುಣೆ ಸೊಲ್ಲಾಪುರದಲ್ಲಿ ಇರುವ ಎಷ್ಟೋ ಮಂದಿಗಿಂತ ಇವನನ್ನು ಹುಡುಕುವುದು ಸುಲಭ.

ಒಂದು ಊರಲ್ಲಿ ಒಬ್ಬ ರೈತ ಜಾಮೀನು ನಿಲ್ಲಲು ಒಪ್ಪಿದ. ಒಳ್ಳೆಯ ಎರೆ ಹೊಲ. ಊರ ಲೆಕ್ಕ ಬರೆಯುವ ತಲಾಟಿಯಿಂದ ಅವನ ಹೊಲದ ಉತಾರ, ಅಂದರೆ ಪಹಣಿ ಪತ್ರ, ಬರೆಸಿಕೊಂಡೆ. ಎಕರೆ ನೋಡಿದೆ, ಕಂದಾಯದ ಆಕಾರ ನೋಡಿದೆ, ಮಡಚಿ ಕಿಸೆಗೆ ಹಾಕಿದೆ. ಇನ್ನೊಂದು ಊರಲ್ಲಿ, ಗೊಳಸಂಗಿಯ ಈಚೆ, ಒಬ್ಬ ವಿಧವೆ ಹೆಣ್ಣುಮಗಳ ಮನೆಗೆ ಹೋದೆ. ಅರವತ್ತು ದಾಟಿದ ಗಟ್ಟಿ ಜೀವ, ಸ್ವಂತ ನಿಂತು ಒಕ್ಕಲುತನ ಮಾಡಿಸುವಾಕೆ. ಆಕೆಯ ಪಡಸಾಲೆಯ ತುಂಬ ಬಿಚ್ಚಿದ ಹತ್ತಿ ಬಿದ್ದಿತ್ತು. ಮೇಲೆ ಸೀರೆ ಮುಚ್ಚಿ ನಾಲ್ಕು ಮೂಲೆಗೆ ಕಲ್ಲು ಇಟ್ಟಿದ್ದಳು.

"ಬಂದೀಯಾ?" ಎಂದಳು, ನಾನು ಯಾರೆಂದು ತಿಳಿಯುವ ಮೊದಲೇ. "ನಮ್ಮ ಗಾದಿ ಸಾಬ ಎಲ್ಲಿ? ನಾಳಿ ಬರತೇನಿ ಅಂತ ಬಿಚ್ಚಿ ಹೋದಾಂವ ಹದಿನೈದ ದಿನ ಆತು. ಬೆಕ್ಕು ಮರಿ ಹಾಕೇತಿ ಅದರಾಗ!"

"ಜೇಲಿನ್ಯಾಗ ಅದಾನ್ರಿ ಅವ್ವಾರ."

"ಜೇಲಿನ್ಯಾಗ? ಏನ ಕದ್ದಾ? ಇಲ್ಲಿ ಇಪ್ಪತ್ತ ವರ್ಷದಾಗ ಒಂದ ಹಿಡಿ ಹತ್ತಿ ಕದ್ದಿಲ್ಲ. ದಿಂಬಿನ್ಯಾಗ ನಾ ಮರತು ಹೊಲದಿದ್ದ ಬಂಗಾರದ ಮೂಗಬಟ್ಟ ಕೈಯಾಗ ತಂದು ಕೊಟ್ಟಾಂವ ಅಂವ."

ಈ ಮಾತನ್ನು ಕೋರ್ಟಿಗೆ ಬಂದು ಹೇಳುತ್ತೀರಾ ಎಂದು ಕೇಳಿದೆ. "ಹೇಳ್ದ ಏನ? ನನ್ನ ಗಾದಿ ಬ್ಯಾಡೇನ?" ಎಂದಳು.

ತಾರೀಖಿನ ದಿನ ನನ್ನ ಮಾನ ಹೋಯಿತು. ಕೋರ್ಟಿನ ಶಿರಸ್ತೇದಾರರು ರೈತನ ಉತಾರ ನೋಡಿ, ಹೆಸರಿನ ಪಕ್ಕದ ಮೂರು ಸಣ್ಣ ಅಕ್ಷರಗಳನ್ನು ತೋರಿಸಿದರು: ಏ.ಕು.ಮ್ಯಾ. ಏಕತ್ರ ಕುಟುಂಬದ ಮ್ಯಾನೇಜರ್. ಹೊಲ ಐದು ಅಣ್ಣತಮ್ಮಂದಿರದು, ಈತ ಬರೀ ಹೆಸರಿಗೆ ಹಿರಿಯ. ಒಬ್ಬನೇ ಜಾಮೀನಿಗೆ ಒಡ್ಡುವಂತಿಲ್ಲ. ಈ ನಾಡಿನ ಅರ್ಧ ಉತಾರಗಳ ಮೇಲೆ ಆ ಅಕ್ಷರ ಇರುತ್ತದೆ. ದಿನಾ ಕಂಡೂ ಕಂಡೂ ನನ್ನ ಕಣ್ಣಿಗೆ ಅದು ಕಾಣುವುದೇ ನಿಂತಿತ್ತು. ಕಲಮು ಬಾಯಿಪಾಠ ಇದೆ ಎಂದು ಮೆರೆಯುತ್ತಿದ್ದವನು ನಾನು.

"ಇಷ್ಟ ತಿಳೀಲಿಲ್ಲೇನ ನಿನಗ?" ಎಂದರು ವಕೀಲರು, ಎಲ್ಲರಿಗೂ ಕೇಳುವ ಹಾಗೆ.

ಆ ಹೊತ್ತಿಗೆ ವಿಧವೆ ಹೆಣ್ಣುಮಗಳು ಕಟಕಟೆಯಲ್ಲಿ ನಿಂತು ವಾಸದ ಬಗ್ಗೆ ಹೇಳುತ್ತಿದ್ದಳು. ಮ್ಯಾಜಿಸ್ಟ್ರೇಟರಿಗೆ ಆಕೆಯ ಮಾತು ಅರ್ಧ ತಿಳಿಯುತ್ತಿರಲಿಲ್ಲ, ಶಿರಸ್ತೇದಾರರು ಬಿಡಿಸಿ ಹೇಳುತ್ತಿದ್ದರು.

"ಇವನು ಕರೆದರೆ ಬರುತ್ತಾನೆ ಅಂತ ನಿಮಗೆ ನಂಬಿಕೆ ಇದೆಯೇನಮ್ಮಾ?"

"ಕರೀಲಾರದ ಬರತಾನ್ರಿ. ಪ್ರತಿ ವರ್ಷ ಕರೀಲಾರದ ಬಂದಾನ."

"ಜಾಮೀನುದಾರ ಇಲ್ಲವಲ್ಲ ಈಗ?" ಎಂದು ಅವರು ನಮ್ಮ ವಕೀಲರ ಕಡೆ ತಿರುಗಿದರು.

"ನಾ ಇಲ್ಲೇನ್ರಿ?" ಎಂದಳು ಆಕೆ. ಸೊಂಟದ ಚೀಲದಿಂದ ಎಣ್ಣೆ ಹಿಡಿದ ಒಂದು ಕಾಗದ ತೆಗೆದಳು. ಮೈದುನರ ಜೊತೆ ಹೊಲದ ತಂಟೆ ಶುರುವಾದಾಗಿನಿಂದ ತಾಲೂಕಿಗೆ ಬಂದಾಗಲೆಲ್ಲ ಉತಾರವನ್ನು ಮೈಮೇಲೆ ಇಟ್ಟುಕೊಂಡೇ ಬರುತ್ತಿದ್ದಳಂತೆ. ಹೆಸರು ಆಕೆಯದೇ. ಪಕ್ಕದಲ್ಲಿ ಯಾವ ಅಕ್ಷರವೂ ಇಲ್ಲ.

ನಾಲ್ಕು ದಿನ ಸೈಕಲ್ ತುಳಿದವನಿಗೆ, ಆಕೆಯ ಪಡಸಾಲೆಯಲ್ಲಿ ಕೂತು ಮಜ್ಜಿಗೆ ಕುಡಿದವನಿಗೆ, ಆಕೆಯನ್ನೇ ಜಾಮೀನು ಕೇಳಬಹುದೆಂದು ಹೊಳೆದಿರಲಿಲ್ಲ. ಹೆಂಗಸು ಜಾಮೀನು ನಿಂತದ್ದನ್ನು ನಾನು ಆವರೆಗೆ ನೋಡಿರಲಿಲ್ಲ, ನೋಡದ್ದು ಇಲ್ಲವೆಂದೇ ಎಣಿಸಿದ್ದೆ. ಶಿರಸ್ತೇದಾರರು, "ಸಾಹೇಬ್ರ, ಹೆಣ್ಣುಮಗಳ ಜಾಮೀನು..." ಎಂದು ರಾಗ ಎಳೆದರು.

"ಬೇಡ ಅಂತ ಯಾವ ಕಲಮಿನಲ್ಲಿದೆ?" ಎಂದು ಕೇಳಿದರು ಮ್ಯಾಜಿಸ್ಟ್ರೇಟರು. ಶಿರಸ್ತೇದಾರರು ಉತಾರ ತೆಗೆದುಕೊಂಡು ಕಡತಕ್ಕೆ ಹಚ್ಚಿದರು.

ಜಾಮೀನು ಮಂಜೂರು. ಆದರೆ ದಿನಾ ಬೆಳಿಗ್ಗೆ ಠಾಣೆಗೆ ಹಾಜರಿ ಕೊಡಬೇಕೆಂದು ಬರೆಸತೊಡಗಿದರು. ನಮ್ಮ ವಕೀಲರು ತಲೆ ಬಾಗಿಸಿ ಕೈಮುಗಿದರು. ದಿನಾ ಠಾಣೆಗೆ ಬರುವವನು ಯಾವ ಊರಲ್ಲಿ ಹತ್ತಿ ಹಿಂಜಿಯಾನು? ಕಾರಕೂನ ಕೋರ್ಟಿನಲ್ಲಿ ಬಾಯಿ ತೆರೆಯುವಂತಿಲ್ಲ. ನಾನು ವಕೀಲರ ಕೋಟಿನ ತುದಿ ಜಗ್ಗಿದೆ. ಅವರು ಕೈ ಝಾಡಿಸಿದರು. ಮತ್ತೆ ಆಕೆಯೇ ಮಾತಾಡಬೇಕಾಯಿತು:

"ದಿನಾ ಇಲ್ಲಿಗೆ ಬಂದ್ರ ನನ್ನ ಹತ್ತಿ ಫೌಜದಾರ್ರು ಬಂದು ಹಿಂಜತಾರೇನ್ರಿ?"

ಈ ಸಲ ಪಟ್ಟೇವಾಲಾನೂ ನಕ್ಕ. ಹಾಜರಿ ವಾರಕ್ಕೊಮ್ಮೆ, ಸಂತೆಯ ದಿನ ಎಂದಾಯಿತು. ಬಿಲ್ಲು, ಕೊಡತಿ ಕೇಳಿದಾಗ ತಂದು ತೋರಿಸುವ ಕರಾರಿನ ಮೇಲೆ ಅವನ ಕೈಗೇ ಬಂದವು.

ಸಂಜೆ ಜೇಲಿನ ಬಾಗಿಲಲ್ಲಿ ಪಿಂಜಾರ ಬಿಲ್ಲಿನ ನರವನ್ನು ಬೆರಳಿನಿಂದ ಮೀಟಿ ನೋಡಿ, ಸಡಿಲಾಗಿದೆ ಎಂದು ಬೈದುಕೊಂಡ. ಆಮೇಲೆ ನನ್ನನ್ನು ಕೇಳಿದ:

"ಒಳಗಿನವನದು ಯಾವಾಗ್ರಿ?"

"ಅಂವ ನಮ್ಮ ಪಕ್ಷಗಾರ ಅಲ್ಲ."

"ಐದ ಅಂದದ್ದು ಸುಳ್ಳಂತ ಸಾಹೇಬ್ರ ಅಂದ್ರಲ್ಲ. ನನಗಷ್ಟ ಸುಳ್ಳೇನ್ರಿ ಅದು?"

ನಾಲ್ಕು ಎಂಬ ಮಾತನ್ನು ಕೊಟ್ಟವನೇ ಕಲ್ಲು ಒಡೆಯುವವನು. ಅರ್ಜಿಯಲ್ಲಿ ಅವನ ಹೆಸರು ಇರಲಿಲ್ಲವಾದ್ದರಿಂದ ಆದೇಶದಲ್ಲೂ ಇರಲಿಲ್ಲ. ಯಾರೂ ಕೇಳದ್ದನ್ನು ಕೋರ್ಟು ಕೊಡುವುದಿಲ್ಲ. ಮರುದಿನ ನಾನೇ ಅವನ ಹೆಸರಿನಲ್ಲಿ ಅರ್ಜಿ ಬರೆದೆ. ವಕೀಲರು ಸಹಿ ಮಾಡಲಿಲ್ಲ. ಜೇಲಿನಿಂದಲೇ ಅವನ ಹೆಬ್ಬೆಟ್ಟಿನ ಮೇಲೆ ಕಳಿಸಿದೆ. ಮ್ಯಾಜಿಸ್ಟ್ರೇಟರು ಒಂದೇ ದಿನದಲ್ಲಿ ಅದೇ ಆದೇಶ ಕೊಟ್ಟರು: ಆಸ್ತಿಯುಳ್ಳ ಒಬ್ಬ ಜಾಮೀನುದಾರ.

ಅವನಿಗೆ ಯಾರೂ ಇರಲಿಲ್ಲ. ರಸ್ತೆಯ ಕೆಲಸಕ್ಕೆ ಹೊಳೆಯಾಚೆಯಿಂದ ಬಂದವನು. ಅವನನ್ನು ಕರೆತಂದ ಗುತ್ತಿಗೆದಾರ, "ಅಂಥಾವ್ರು ನನ್ನ ಕಡೆ ನೂರ ಮಂದಿ ಬರತಾರ, ಹೋಗತಾರ" ಎಂದ. ಎಂಟು ಮಂದಿಯನ್ನು ಕೇಳಿದೆ. ಕೊನೆಗೆ ಮತ್ತೆ ಗೊಳಸಂಗಿಯ ದಾರಿ ಹಿಡಿದೆ. ವಿಧವೆ ಹೆಣ್ಣುಮಗಳು ಹೊಸ ಗಾದಿಯ ಮೇಲೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡಳು.

"ಅವನ ಮಾರೀನ ನಾ ನೋಡಿಲ್ಲೊ ತಮ್ಮಾ. ನೀ ನೋಡೀದಿ. ಅವನ ಮಾತ ನೀ ನಂಬೀದಿ. ನಿನಗ ಮನಿಮಾರು ಏನೂ ಇಲ್ಲೇನು?"

ಇತ್ತು. ಎರಡು ಅಂಕಣದ ಮನೆ, ಸ್ವಂತ ಗಳಿಕೆಯದು, ನನ್ನೊಬ್ಬನದೇ ಹೆಸರಿನಲ್ಲಿ. ಕಾರಕೂನ ಜಾಮೀನು ನಿಲ್ಲಬಾರದೆಂದು ಕಟ್ಟೆಯ ಮೇಲೆ ಒಂದು ರಿವಾಜು ಇದೆ ಎಂದು ಆಕೆಗೆ ಹೇಳಿದೆ. ಅದು ಯಾವ ಕಲಮಿನಲ್ಲಿದೆ ಎಂದು ಆಕೆ ಕೇಳಲಿಲ್ಲ. ಕೇಳಿದ್ದರೆ ಯಾವ ಕಲಮಿನಲ್ಲೂ ಇಲ್ಲ ಎಂದು ಹೇಳಬೇಕಾಗುತ್ತಿತ್ತು. ಬಂದ ದಾರಿಯಲ್ಲೇ ಸೈಕಲ್ ತಿರುಗಿಸಿದೆ.

ಜಾಮೀನಿನ ಆದೇಶ ಕಡತದಲ್ಲಿ ಇಟ್ಟುಕೊಂಡೇ ಕಲ್ಲು ಒಡೆಯುವವನು ಹನ್ನೊಂದು ತಿಂಗಳು ಜೇಲಿನಲ್ಲಿದ್ದ. ವಿಚಾರಣೆಯಲ್ಲಿ ಸಾವಕಾರನಿಗೆ ಅವನ ಗುರುತೂ ಹತ್ತಲಿಲ್ಲ, ಪಿಂಜಾರನ ಗುರುತೂ ಹತ್ತಲಿಲ್ಲ. ಇಬ್ಬರನ್ನೂ ಬಿಟ್ಟರು. ಇದನ್ನು ಹೇಳುವಾಗ ಫೌಜದಾರರನ್ನು, ವಕೀಲರನ್ನು, ಗುತ್ತಿಗೆದಾರನನ್ನು ಎಷ್ಟೋ ಸಲ ಬೈದಿದ್ದೇನೆ, ಕೇಳಿದವರು ಹೌದು ಹೌದು ಎಂದಿದ್ದಾರೆ. ಮನೆಯ ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ. ಆ ದಿನ ನಾನೊಂದು ಸಹಿ ಮಾಡಿದ್ದರೆ ಅವನು ಸಂಜೆಗೆ ಹೊರಗೆ ಬರುತ್ತಿದ್ದ.